ಅಪ್ಪ ಇರುವ ಕಡೆ

ತೀರಿಕೊಂಡ ಅಪ್ಪನ ಶಿವಗಣಾರಾಧನೆ ಮುಗಿದ ಮರುದಿನವೇ ಗೌರೀಶ ತಮ್ಮನನ್ನೂ ತಾಯಿಯನ್ನೂ ಕುಬಿಹಾಳದ ಹೊಲಕ್ಕೆ ಕರೆತಂದು, ನಡುಬದುವಿನ ಮೇಲೆ ನಿಂತು ಪಾಲು ಹೇಳಿಬಿಟ್ಟ. ಸಮಾಧಿ ಇರುವ ಪಡುವಣ ಅರ್ಧ ತಮ್ಮ ಕಾಶಿನಾಥನಿಗೆ. ಬಾವಿ ಇರುವ ಮೂಡಣ ಅರ್ಧ ತನಗೆ.

ಕಾಶಿನಾಥ ಕೆರಳಿದ. “ಯಣ್ಣಾ, ಎಳ್ಳ ಅಮಾಸಿ ದಿನ ಇಲ್ಲೇ ಬುತ್ತಿ ಉಂಡು ಅಪ್ಪ ಏನಂದಿದ್ದ? ‘ನಾ ಇರೂ ಕಡಿದು ಸಣ್ಣಾವಗ, ಆ ಕಡಿದು ದೊಡ್ಡಾವಗ’ ಅಂದಿದ್ದಿಲ್ಲೇನು?”

“ಅಂದಿದ್ದ. ನಾ ಎಲ್ಲೆ ಇಲ್ಲ ಅಂದೆ?” ಗೌರೀಶ ಹಸಿಮಣ್ಣಿನ ದಿಬ್ಬದತ್ತ ಕೈ ಮಾಡಿದ. “ಈಗ ಅಪ್ಪ ಎಲ್ಲದಾನ? ಅಲ್ಲದಾನ. ಅವ ಇರೂ ಕಡಿದು ನಿಂದ ಆತಲ್ಲ, ತಗೋ.”

“ಆವಾಗ ಅಪ್ಪ ಬಾವಿಕಟ್ಟಿ ಮ್ಯಾಲೆ ಕುಂತಿದ್ದನಲ್ಲೋ!”

“ಕುಂತಾವ ಎದ್ದು ಹೋಗೂದಿಲ್ಲೇನು?”

ಎಂಥ ಮಾತು! ತಾಯಿ ಸುಶೀಲವ್ವನಿಗೆ ಈಗ ಎಲ್ಲ ಹೊಳೆಯಿತು. ಕುಣಿ ತೋಡುವ ದಿನ ಈ ಹಿರಿಮಗನೇ ಮುಂದೆ ನಿಂತು, ‘ಬಾವಿ ಹತ್ರ ಬ್ಯಾಡ, ಅಪ್ಪಗ ಬೇವಿನ ನೆರಳಿರಲಿ’ ಎಂದಿದ್ದ. ತಂದೆಯ ಮೇಲೆ ಎಷ್ಟು ಜೀವ ಎಂದು ಅವಳು ಅಷ್ಟು ದುಃಖದಲ್ಲೂ ಹಿಗ್ಗಿದ್ದಳು. ಹೆಣ ಇನ್ನೂ ಪಡಸಾಲೆಯಲ್ಲಿ ಇರುವಾಗಲೇ ಲೆಕ್ಕ ಹಾಕಿದ್ದನಲ್ಲ ಭೂಪ! ಆ ಪಡುವಣ ಅರ್ಧದಲ್ಲಿ ಒಂದು ಕೊಡ ನೀರೂ ಸಿಗದು. ಕಾಶಿನಾಥನೋ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಒಂದೇ ಬಾಡಿಗೆ ಖೋಲಿಯಲ್ಲಿದ್ದಾನೆ.

ಅವ್ವ ಉಣ್ಣುವುದು ತನ್ನ ಮನೆಯಲ್ಲಿ ಎಂಬ ಧೈರ್ಯ ಗೌರೀಶನಿಗೆ. “ಯವ್ವಾ, ನೀನ ಹೇಳು. ಅಪ್ಪ ಅಲ್ಲದಾನೋ ಇಲ್ಲೋ?”

ಸುಶೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮಪ್ಪನ ಫೋಟೋ ಹಾಕಿ ಬ್ಯಾನರ್ ಕಟ್ಟಿಸೀಯಲ್ಲ, ಅದರಾಗ ಏನಂತ ಬರಸೀದಿ?”

“ಶಿವೈಕ್ಯರಾದರು ಅಂತ. ಎಲ್ಲಾರೂ ಅದನ್ನ ಬರಸ್ತಾರ.”

“ಶಿವನ್ನ ಕೂಡಿದವರನ್ನ ಮತ್ತ ಕುಣ್ಯಾಗ ಹುಡುಕತಿಯೇನಲೇ? ಅವರು ಅಲ್ಲಿಲ್ಲ. ಮಾತು ಆಡಿದಾಗ ಎಲ್ಲಿ ಕುಂತಿದ್ರು, ಅಷ್ಟ ಖರೆ. ನಾ ಬಾಜೂಕ ಕುಂತು ಬುತ್ತಿ ಬಡಿಸಿದಾಕಿ. ಬಾವಿ ಕಾಶ್ಯಾಂದು.”

ಗೌರೀಶನ ಮುಖ ಕಪ್ಪಿಟ್ಟಿತು. ಅವನು ದನಿ ತಗ್ಗಿಸಿ, “ಬಿಸಿಲಾತು, ಮನೀಗೆ ನಡಿಯವ್ವಾ. ಅಲ್ಲಿ ಕುಂತು ಮಾತಾಡೂಣು,” ಎಂದ.

“ನೀ ನಡಿ. ನನ್ನ ಸೀರಿಗಂಟು ಕಾಶ್ಯಾನ ಖೋಲಿಗೆ ಕಳಸು,” ಎಂದಳು ಸುಶೀಲವ್ವ. “ಮತ್ತ ನಾ ಸತ್ತಾಗ ಕುಣಿ ತೋಡಸಾಕ ನೀ ಬರಬ್ಯಾಡ.”