ಶುದ್ಧ ಪ್ರತಿ

ಮತ್ತೆ ಕೆಮ್ಮಿದ, ಪಾಪಿ. ಅದೂ ಎಲ್ಲಿ? ಪಿಯಾನೊದ ದನಿ ಇಳಿದಿಳಿದು ಇನ್ನೇನು ಆರಬೇಕು ಎನ್ನುವಲ್ಲಿ.

ಇಸ್ತ್ರಿ ಹೆಡ್‌ಫೋನ್ ಕಿತ್ತಿಟ್ಟು ಹಲ್ಲು ಕಡಿದ. ಹಳೆಯ ಟೇಪುಗಳ ಸುಕ್ಕು ತೆಗೆದು ಹೊಸದರಂತೆ ಮಾಡಿಕೊಡುತ್ತಾನೆಂದು ಸ್ಟುಡಿಯೋದವರು ಅವನಿಗಿಟ್ಟ ಹೆಸರು ಅದು. ಗೇಲಿಗೆ ಇಟ್ಟದ್ದಾದರೂ ಅವನಿಗೆ ಒಳಗೊಳಗೇ ಹೆಮ್ಮೆ.

ಈ ಟೇಪು ತಂದವರು ಒಬ್ಬ ವಯಸ್ಸಾದ ಹೆಂಗಸು. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಾತೇ ಕಡಿಮೆಯ ಮನುಷ್ಯ, ಅವರದು ಅಂತ ಕಿವಿಗೆ ಉಳಿದಿರುವುದು ಇದೊಂದೇ ಎಂದಿದ್ದರು. ಮನೆಯಲ್ಲೇ ಮಾಡಿಕೊಂಡ ರೆಕಾರ್ಡಿಂಗು. ಆಗಲೇ ಅವರಿಗೆ ಹುಷಾರಿರಲಿಲ್ಲವಂತೆ. ಹೇಳುವಾಗ ಆಕೆಯ ಬೆರಳುಗಳು ಕೈಚೀಲದ ಮೇಲೆ ಸುಮ್ಮನಿರದೆ ಆಡುತ್ತಿದ್ದವು. ಪಾಪ, ಸಂಕಟ ಎಂದುಕೊಂಡಿದ್ದ ಇಸ್ತ್ರಿ.

"ಸುಯ್ ಅನ್ನೋ ಸದ್ದೇ ಜಾಸ್ತಿ. ಅವರು ಚೆನ್ನಾಗಿ ಕೇಳಿಸಬೇಕು, ಅಷ್ಟು ಮಾಡಿಕೊಡಿ."

"ಪಕ್ಕದಲ್ಲೇ ಕೂತಿದ್ದಾರೆ ಅನ್ನಿಸಬೇಕು, ಹಾಗೆ ಮಾಡ್ಕೊಡ್ತೀನಮ್ಮಾ."

ಟೇಪು ಒಂದು ಸಲ ಓಡುವಷ್ಟೇ ಜೀವ ಹಿಡಿದುಕೊಂಡಿತ್ತು. ಓಡುತ್ತಲೇ ಕಂದು ಪುಡಿಯಾಗಿ ಉದುರಿಹೋಯಿತು. ಅಷ್ಟರಲ್ಲಿ ಸದ್ದೆಲ್ಲ ಕಂಪ್ಯೂಟರಿಗೆ ಇಳಿದಿತ್ತು, ಪುಣ್ಯ.

ಕೇಳಿದವನು ದಂಗಾದ. ಸುಮಾರು ನೂರೈವತ್ತು ವರ್ಷದ ಹಿಂದೆ ಯುರೋಪಿನಲ್ಲಿ ಯಾರೋ ಪಿಯಾನೊಗೆಂದೇ ಬರೆದು, ದೊಡ್ಡ ಸಂಗೀತಗಾರರ ನೆರಳಲ್ಲಿ ಮುಚ್ಚಿಹೋದ ರಾತ್ರಿಗೀತೆಗಳು. ಮಾರುಕಟ್ಟೆಯಲ್ಲಿದ್ದ ಒಂದೇ ಒಂದು ರೆಕಾರ್ಡಿಂಗನ್ನು ಹುಡುಕಿ ಹಾಕಿದ. ಪಿಯಾನೊವನ್ನು ಬಾವಿಗಿಳಿಸಿ ನುಡಿಸಿದಂತಿತ್ತು. ಇದೋ, ಎದೆಗೇ ನಾಟುತ್ತಿತ್ತು. ಕಾಯಿಲೆಯ ಮನುಷ್ಯನ ಕೈಯಲ್ಲಿ ಇಂಥ ಕಸುವೇ! ಇದು ಹೊರಬಂದರೆ ಕಂಪನಿಗಳು ಬಾಗಿಲಿಗೇ ಬರುತ್ತವೆ, ಕವರಿನ ಮೇಲೆ ಸಣ್ಣಕ್ಷರದಲ್ಲಾದರೂ ತನ್ನ ಹೆಸರಿರುತ್ತದೆ ಎಂದು ಲೆಕ್ಕ ಹಾಕಿದ.

ಅಡ್ಡ ಬಂದವನು ಒಬ್ಬನೇ, ಈ ಕೆಮ್ಮಿನವನು. ನುಡಿಸುವವರ ಮುಂದಿನ ಸ್ವರಲಿಪಿಯ ಹಾಳೆ ತಿರುಗಿಸಲು ಕೂರಿಸಿದ ಯಾರೋ ನೆಂಟನಿರಬೇಕು. ಕುರ್ಚಿಯನ್ನು ಕಿರ್ರೆನ್ನಿಸುತ್ತಾನೆ. ರಾಗದ ಜೊತೆ ತಾನೂ ಮೂಗಿನಲ್ಲೇ ಗುನುಗುತ್ತಾನೆ, ಅದೂ ಅಪಸ್ವರದಲ್ಲಿ. ಕೊನೆಯ ಸ್ವರ ಆರುವ ಮೊದಲೇ, ತನ್ನನ್ನೇ ಯಾರೋ ಕೇಳಿದ ಹಾಗೆ, "ಹ್ಞೂಂ" ಎನ್ನುತ್ತಾನೆ. ಇಂಥವನನ್ನು ಕೋಣೆಯೊಳಗೆ ಬಿಟ್ಟವರಾದರೂ ಯಾರು? ಇಸ್ತ್ರಿಗೆ ಅವನ ಮೇಲೆ ಹಗೆಯೇ ಹುಟ್ಟಿತು.

ಕೆಮ್ಮನ್ನು ಬೇರುಸಹಿತ ಕಿತ್ತ. ಗುನುಗನ್ನು ಎಳೆ ಎಳೆಯಾಗಿ ಬಿಡಿಸಿ ತೆಗೆದ. ಆ "ಹ್ಞೂಂ" ಮಾತ್ರ ಬಹಳ ಸತಾಯಿಸಿತು; ಅದೂ ಹೋಯಿತು. ಎಂದಿನಂತೆ ಮೂಲ ಪ್ರತಿಯನ್ನೂ ಅಳಿಸಿಹಾಕಿದ. ತೊಳೆದಾದ ಮೇಲೆ ಕೊಳೆನೀರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬುದು ಅವನ ವಾದ. ಜೊತೆಯವರು ಬೇಡವೆಂದು ಎಷ್ಟೋ ಸಲ ಹೇಳಿದ್ದರು. ಅವನು ಕಿವಿಗೆ ಹಾಕಿಕೊಂಡವನಲ್ಲ.

ಆಕೆ ಬಂದರು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ದನಿ ಇಳಿಯುವಲ್ಲಿ ಮುಂದಕ್ಕೆ ಬಾಗಿ ಕಾದರು. ಏನೂ ಬರಲಿಲ್ಲ. ಮುಂದೆ ಇನ್ನೊಂದು ಕಡೆ ತಲೆ ಓರೆ ಮಾಡಿ ಕಾದರು. ಕೊನೆಯ ಸ್ವರ ಆರಿತು. ಆಮೇಲೂ ಬಹಳ ಹೊತ್ತು ಹಾಗೇ ಕೂತಿದ್ದರು. ಮೆಚ್ಚಿ ಮೂಕರಾಗಿದ್ದಾರೆ ಎಂದು ಇಸ್ತ್ರಿ ಉಬ್ಬಿದ.

"ಅವರೆಲ್ಲಿ?" ಎಂದರು ಆಕೆ.

"ಇದೇ ಅಮ್ಮಾ ಅವರು. ಈಗ ನಡುವೆ ಯಾರೂ ಇಲ್ಲ."

ತೊಳೆಯದೆ ಇರುವುದನ್ನು ಒಮ್ಮೆ ಹಾಕಿ ಎಂದು ಕೇಳಿದರು. ಅದಿಲ್ಲವೆಂದ. ಟೇಪು ಎಂದರು. ಕಸದ ಬುಟ್ಟಿಯಲ್ಲಿದ್ದ ಕಂದು ಪುಡಿಯನ್ನು ತೋರಿಸಿದ. ಕೆಮ್ಮಿ ಗುನುಗಿ ಎಲ್ಲ ಕೆಡಿಸಿದ ಆ ಪುಣ್ಯಾತ್ಮನನ್ನು ಒರೆಸಿಹಾಕಲು ತಾನು ಪಟ್ಟ ಪಾಡನ್ನು ನಗುತ್ತಲೇ ಬಣ್ಣಿಸಿದ.

ಆಕೆ ಹೆಡ್‌ಫೋನನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು.

"ಪಿಯಾನೊ ನುಡಿಸಿದ್ದು ನಾನು. ಅದನ್ನ ಮನೆಗೆ ಹೋಗಿ ಈಗ್ಲೂ ನುಡಿಸಬಲ್ಲೆ. ಕೆಮ್ಮಿದ್ದು ಅವರು."