ಅವ್ವನ ಎಡಗೈ

ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವ ವಾಸನೆ ಬಂದರೆ ಇಂದಿಗೂ ನನಗೆ ತುತ್ತು ಇಳಿಯುವುದಿಲ್ಲ.

ಲಕ್ವಾ ಹೊಡೆದಿದ್ದ ಅವ್ವನನ್ನು ಅಪ್ಪ ಕಲಬುರಗಿಯ ದವಾಖಾನೆಯಿಂದ ಕಮಲಾಪುರದ ಮನೆಗೆ ಕರೆತಂದ ಮಧ್ಯಾಹ್ನ ಅದು. ಅಪ್ಪನ ಅಕ್ಕ, ನಮ್ಮ ಅತ್ತೆ, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿದಳು. ಅವ್ವನ ಎಡಗೈಯ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ತಿಕ್ಕತೊಡಗಿದಳು. ಕಳೆ ಕಿತ್ತು ಕಿತ್ತು ಒರಟಾದ ಆ ಅಂಗೈ ಮೊದಲಿನಂತೆಯೇ ಇತ್ತು, ಬೆಚ್ಚಗೂ ಇತ್ತು. ಎತ್ತಿ ಬಿಟ್ಟರೆ ಮಾತ್ರ ಒದ್ದೆ ಬಟ್ಟೆಯಂತೆ ಚಾಪೆಯ ಮೇಲೆ ಬೀಳುತ್ತಿತ್ತು.

"ಕೈಗೇನೂ ಆಗಿಲ್ಲಂತ," ಗೋಡೆಗೆ ಒರಗಿದ್ದ ಅಪ್ಪ ಹೇಳಿದ. "ತಲಿಯಾಗ ರಕ್ತದ ನರ ಕಟ್ಕೊಂಡದಂತ. ಕೈ ಎತ್ತು ಅನ್ನೋ ಹುಕುಂ ಅಲ್ಲೇ ನಿಂತು ಹೋಗ್ತದ, ಕೈತನಕ ಬರಂಗಿಲ್ಲ ಅಂದ್ರು ಡಾಕ್ಟರು."

"ಹಂಗಾದ್ರ ಎಣ್ಣಿ ತಲಿಗೇ ಹಚ್ಚು, ಅತ್ತಿ," ಅಂದೆ ನಾನು.

ಅತ್ತೆ ಮುಖ ಎತ್ತಲಿಲ್ಲ. "ನನ್ನ ಕೈ ಅಷ್ಟು ಒಳಗ ಹೋಗ್ತದೇನ, ತಂಗಿ?" ಎಂದು ಇನ್ನೂ ಜೋರಾಗಿ ತಿಕ್ಕಿದಳು.

ಬಳೆಗಳ ಸದ್ದಿಗೆ ಅವ್ವ ಕಣ್ಣು ತೆರೆದಳು. ಬಾಯಿ ಒಂದು ಕಡೆ ಜೋತಿದ್ದರೂ ಮಾತು ತಿಳಿಯುತ್ತಿತ್ತು. ಬಲಗೈ ಚಾಚಿ ಬಳೆಗಳನ್ನು ಸವರಿದಳು. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ನಾನು ಆರಿಸಿದ ಬಣ್ಣದಲ್ಲೇ ಅವ್ವ ತೊಟ್ಟ ಬಳೆಗಳು ಅವು. ಅವ್ವನಿಗೆ ಗುರುತು ಸಿಕ್ಕಿತೆಂದು ನಾನು ಹತ್ತಿರ ಸರಿದೆ.

"ಬಳಿ ನನ್ನವ," ಅಂದಳು ಅವ್ವ. ಆ ಎಡಗೈಯನ್ನು ಬಹಳ ಹೊತ್ತು ನೋಡಿ, ಅತ್ತೆಯನ್ನು ಕೇಳಿದಳು:

"ಯಕ್ಕಾ, ಇದು ಯಾರ ಕೈ?"