ಭಾವನ ತೆರಿಗೆ ಪಾಂಡಿತ್ಯ

ವಿಸಾ ಕಚೇರಿಯ ಅಧಿಕಾರಿಣಿ ಕಂಪ್ಯೂಟರಿನ ಪರದೆಯನ್ನು, ಪರದೇಶದಿಂದ ಅಲ್ಲಿಗೆ ದುಡಿಯಲು ಬಂದಿದ್ದ ವೆಲ್ಡರನ ಕಡೆಗೆ ತಿರುಗಿಸಿದಳು. “ತೆರಿಗೆಯವರಿಗೆ ‘ನಾನು ಇಲ್ಲಿನ ಖಾಯಂ ನಿವಾಸಿ’ ಅಂತ ಬರೆದುಕೊಟ್ಟಿದೀರಿ. ಖಾಯಂ ಇರೋರಿಗೆ ಅಂತ ಸರ್ಕಾರ ಹಂಚಿದ ಪರಿಹಾರದ ಹಣಾನೂ ತಗೊಂಡಿದೀರಿ. ನಮ್ಮ ಹತ್ರ ಮಾತ್ರ, ಕೆಲಸ ಮುಗಿದ್ಮೇಲೆ ಊರಿಗೆ ಹೋಗ್ತೀನಿ ಅಂತೀರಿ. ಯಾವುದು ಸುಳ್ಳು?”

ಹೆರಿಗೆಗೆ ಮುಂಚೆ ಹೆಂಡತಿಯನ್ನು ಕರೆಸಿಕೊಳ್ಳಲು ಅವನು ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು. ಹಣ ವಾಪಸ್ ಕಟ್ಟಿ, ತಪ್ಪು ತಿದ್ದಿಸಿಕೊಂಡು ಬಂದರೆ ಮುಂದಿನ ವರ್ಷ ನೋಡೋಣ ಎಂದಳು ಅವಳು.

ಇದೆಲ್ಲ ಭಾವನ ಪ್ರತಾಪ. ಹೆಂಡತಿಯ ಅಣ್ಣನಾದ ಈ ಮಹಾಶಯ ಹಡಗು ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸುವವನು. ಒಮ್ಮೆ ಯಾರದೋ ಪಾರ್ಕಿಂಗ್ ದಂಡ ಮನ್ನಾ ಮಾಡಿಸಿದ್ದೇ ತಡ, ವಿಸಾದ ಮೇಲೆ ಬಂದ ಕೆಲಸಗಾರರಿಗೆಲ್ಲ ತೆರಿಗೆ ಪಂಡಿತನಾಗಿಬಿಟ್ಟ. ಭಾನುವಾರ ಅಡುಗೆಮನೆಯ ಮೇಜೇ ಅವನ ಆಫೀಸು. “ವರ್ಷವಿಡೀ ಇಲ್ಲೇ ಬೆವರು ಸುರಿಸ್ತೀವಿ, ತೆರಿಗೇನೂ ಇಲ್ಲೇ ಕಟ್ತೀವಿ. ನಾವು ಇಲ್ಲಿಯವರಲ್ದೆ ಇನ್ನೆಲ್ಲಿಯವರು?” ಎಂದು ಭಾಷಣ ಬಿಗಿದು ಎಲ್ಲರನ್ನೂ ತೆರಿಗೆ ಫಾರಂನಲ್ಲಿ ಖಾಯಂ ಮಾಡಿಬಿಟ್ಟಿದ್ದ. ವಿಸಾದವರು ಎಷ್ಟು ದುಡಿದರೂ ಖಾಯಂ ಅಲ್ಲ ಎನ್ನುವ ಕಾನೂನಿಗೆ ಇವನ ಭಾಷಣ ಕೇಳುವ ಪುರುಸೊತ್ತಿರಲಿಲ್ಲ. ದುಡ್ಡು ಬಂದಾಗ ವೆಲ್ಡರನೂ ಹಿರಿಹಿರಿ ಹಿಗ್ಗಿ ಗೋಡೆಯಗಲದ ಟೀವಿ ಕೊಂಡಿದ್ದ. ತಿಳಿದವರನ್ನು ಒಂದು ಮಾತು ಕೇಳುವ ಬುದ್ಧಿ ಅವನಿಗೂ ಬರಲಿಲ್ಲ.

ಈಗ ನೆಟ್ಟಗೆ ಭಾವನ ಮನೆಗೆ ಹೋದವನೇ ಹೆಂಡತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. “ನಿಮ್ಮ ತಂಗಿಗೆ ನೀವೇ ಹೇಳಿ ಭಾವ.”

ಭಾವ ಗಂಟಲು ಸರಿಮಾಡಿಕೊಂಡ. “ಏನಿಲ್ಲ ಕಣೇ, ಸಣ್ಣ ತೊಡಕು. ಹೆರಿಗೆ ಅಲ್ಲೇ ಆಗ್ಲಿ ಬಿಡು. ಎಲ್ಲಿ ಹುಟ್ಟಿದ್ರೂ ಮಗು ಮಗೂನೇ ತಾನೆ?”

ವೆಲ್ಡರನಿಗೆ ಮೈ ಉರಿದುಹೋಯಿತು. “ನಿಮಗೂ ಇದೇ ಗತಿ ಆಗಿರಬೇಕಲ್ಲ? ನೀವು ಹಣ ಯಾವಾಗ ವಾಪಸ್ ಕಟ್ತೀರಿ?”

“ನಾನ್ಯಾಕೆ ಕಟ್ಲಿ? ನಾನು ವಿಸಾದವನು ಅಂತಲೇ ಬರೆದಿದ್ದು. ಆ ಪರಿಹಾರ ನಾನು ಮುಟ್ಟೇ ಇಲ್ಲ.”

“ಮತ್ತೆ ನಮ್ಮನ್ನ ಮಾತ್ರ ಯಾಕೆ ಹಾಗೆ ಮಾಡಿದ್ರಿ?”

“ಹೆಂಡತಿ ಮಕ್ಕಳನ್ನ ಇಲ್ಲಿಟ್ಕೊಂಡಿದೀನಿ ಕಣಯ್ಯಾ. ಹೆಚ್ಚುಕಡಿಮೆ ಆದ್ರೆ ಏನು ಮಾಡ್ಲಿ? ನೀವಾದ್ರೆ ಒಂಟಿ ಜನ.”

ಫೋನಿನಿಂದ ತಂಗಿ ಕೇಳಿದಳು, “ಅಣ್ಣಾ, ಅತ್ತಿಗೆ ವಿಸಾಗೆ ಏನೂ ತೊಂದ್ರೆ ಇಲ್ಲ ತಾನೆ?”

“ಛೆ ಛೆ, ಏನೇನೂ ಇಲ್ಲ ಕಣೇ!” ಭಾವನ ಮುಖ ಅರಳಿತು. “ಅದನ್ನ ನಾನೇ ಖುದ್ದಾಗಿ ನೋಡ್ಕೊಂಡಿದೀನಿ.”